ಎಷ್ಟು ಗಂಟೆಗೆ ಬರುತ್ತೇವೆ ಎಂದಿದ್ದರು?

ಮೊನ್ನೆ ಶನಿವಾರಕ್ಕೆ ಒಂದು ವರ್ಷವಾಯಿತು. ನನ್ನ ಗಂಡ ಮತ್ತು ಅವರ ಇಬ್ಬರು ಗೆಳೆಯರು ಹೋಗಿದ್ದ ದೋಣಿಯ ಎಂಜಿನ್ ಕೆಟ್ಟದ್ದು, ಮೂವರೂ ರಾತ್ರಿಯಿಡೀ ಕಡಲಲ್ಲಿ ತೇಲಿದ್ದು, ಬೆಳಿಗ್ಗೆ ಸಿಕ್ಕಿದ್ದು, ಇದನ್ನೆಲ್ಲ ನೀವು ನಮ್ಮವರ ಬಾಯಿಂದಲೇ ಮೂರು ಸಲವಾದರೂ ಕೇಳಿದ್ದೀರಿ. ಪ್ರತಿ ಸಲವೂ ಅಲೆ ಒಂದೊಂದು ಅಡಿ ಎತ್ತರವಾಗುತ್ತಿರುವುದನ್ನೂ ಗಮನಿಸಿರಬಹುದು. ಹಾಗಾಗಿ ಆ ಕಥೆ ಬೇಡ. ನಾನು ದಡದಲ್ಲಿದ್ದವಳು. ದಡದ ಋಣ ಬೇರೆಯೇ ಇದೆ. ಅದನ್ನು ಬರೆಯದೆ ಒಂದು ವರ್ಷ ಕಳೆದೆ.

ಕೋಸ್ಟ್ ಗಾರ್ಡ್‌ನವರಿಗೆ, ಕತ್ತಲಲ್ಲೇ ಹೊರಟ ಕರಾವಳಿ ಕಾವಲು ಪೊಲೀಸರಿಗೆ, ದೋಣಿಯಿಂದ ದೋಣಿಗೆ ವೈರ್‌ಲೆಸ್‌ನಲ್ಲಿ ಸುದ್ದಿ ದಾಟಿಸಿದ ಮೀನುಗಾರರಿಗೆ, ಬಲೆ ಎಳೆಯುವುದನ್ನು ಅರ್ಧಕ್ಕೇ ಬಿಟ್ಟು ಇವರ ದೋಣಿಗೆ ಹಗ್ಗ ಕಟ್ಟಿ ಎಳೆದು ತಂದ ತಾಂಡೇಲರಿಗೆ (ಮೀನು ಹಿಡಿಯುವ ದೋಣಿ ನಡೆಸುವವರು), ಹುಬ್ಬಳ್ಳಿಯಿಂದ ರಾತ್ರೋರಾತ್ರಿ ಕಾರು ಓಡಿಸಿಕೊಂಡು ಬಂದ ಭಾವನಿಗೆ, ಮಕ್ಕಳಿಗೆ ಏನೂ ತಿಳಿಯದಂತೆ ನೋಡಿಕೊಂಡ ಅತ್ತೆಗೆ, ಎಲ್ಲರಿಗೂ ಕೈಮುಗಿಯುತ್ತೇನೆ. ತಾಂಡೇಲರು ಡೀಸೆಲ್‌ ದುಡ್ಡಿಗಿಂತ ಒಂದು ರೂಪಾಯಿ ಹೆಚ್ಚು ಮುಟ್ಟಲಿಲ್ಲ. ಇಷ್ಟೂ ಜನರನ್ನು ಒಂದೇ ಉಸಿರಿನಲ್ಲಿ ಮುಗಿಸಿದೆನೆಂದು ಬೇಸರಿಸಬೇಡಿ. ಉಳಿದ ಜಾಗ ಒಬ್ಬರಿಗೇ ಬೇಕು.

ಅವರ ಹೆಸರು ಬರೆಯುವುದಿಲ್ಲ. ‘ಎಲ್ಲೂ ಹಾಕಬೇಡ ತಂಗಿ, ಆಮೇಲೆ ಅರ್ಧ ಊರು ಸಾಲ ಕೇಳಲು ಬರುತ್ತದೆ’ ಎಂದಿದ್ದಾರೆ. ಮುರುಡೇಶ್ವರದ ದಡದ ಹತ್ತಿರ ಮೀನು ಮಾರುವ ಅಕ್ಕ ಎಂದರೆ ಸಾಕು. ಆ ದಿನ ಬೆಳಿಗ್ಗೆ ಅವರಿಂದಲೇ ನೊಗಲಿ ಕೊಂಡಿದ್ದೆ, ಚೌಕಾಸಿ ಮಾಡಿ ಇಪ್ಪತ್ತು ರೂಪಾಯಿ ಇಳಿಸಿಯೂ ಇದ್ದೆ. ಸಂಜೆ ಆರೂವರೆಗೆ ಅವರು ಬುಟ್ಟಿ ತೊಳೆದು ಮನೆಗೆ ಹೊರಟಾಗ ನಾನು ಮರಳಿನಲ್ಲಿ ನಿಂತು ಮೊಬೈಲನ್ನು ಆಕಾಶಕ್ಕೆ ಹಿಡಿದಿದ್ದೆನಂತೆ. ‘ಯಾರು ಬರಬೇಕು?’ ಎಂದಷ್ಟೇ ಕೇಳಿದರು. ಗಾಳ ಹಾಕುತ್ತೇವೆ, ನೀರಿಗಿಳಿದು ಹವಳ ನೋಡುತ್ತೇವೆ ಎಂದು ನೇತ್ರಾಣಿ ದ್ವೀಪದ ಕಡೆಗೆ ಹೋದವರು ಇನ್ನೂ ಬಂದಿಲ್ಲ, ಫೋನ್ ಹತ್ತುತ್ತಿಲ್ಲ ಎಂದೆ. ಅಕ್ಕ ಬುಟ್ಟಿಯನ್ನು ಕವುಚಿ ಹಾಕಿ ಅದರ ಮೇಲೆ ಕುಳಿತರು. ಮರುದಿನ ಬೆಳಿಗ್ಗೆ ಏಳೂಕಾಲರವರೆಗೆ ಅಲ್ಲಿಂದ ಎದ್ದದ್ದು ಎರಡೇ ಸಲ.

ನಾನು ಅಷ್ಟರಲ್ಲಿ ಪರಿಚಯದವರಿಗೆಲ್ಲ ಫೋನ್ ಮಾಡಿ ಅಳುತ್ತಿದ್ದೆ. ‘ಪರಿಚಯದವರು ಕಡಲಿಗೆ ಇಳಿಯುತ್ತಾರೆಯೇ? 1554ಕ್ಕೆ ಮಾಡು. ಆಮೇಲೆ 1093ಕ್ಕೂ ಮಾಡು’ ಎಂದರು ಅಕ್ಕ. ಮೊದಲನೆಯದು ಕೋಸ್ಟ್ ಗಾರ್ಡ್, ಎರಡನೆಯದು ಕರಾವಳಿ ಕಾವಲು ಪೊಲೀಸ್. ವರ್ಷಕ್ಕೆ ನಾಲ್ಕು ಸಲ ಕಡಲಿಗೆ ಓಡಿಬರುವ ನಮ್ಮ ಮನೆಯಲ್ಲಿ ಆ ಎರಡು ಸಂಖ್ಯೆ ಒಬ್ಬರಿಗೂ ಗೊತ್ತಿರಲಿಲ್ಲ. ಅಕ್ಕನ ಮೊಬೈಲು ಮೀನಿನ ನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿತ್ತು, ಮೇಲೆ ರಬ್ಬರ್ ಬ್ಯಾಂಡ್. ಚೀಲ ಬಿಚ್ಚದೆಯೇ ಹೆಬ್ಬೆರಳಿನಿಂದ ಗುಂಡಿ ಒತ್ತಿ, ಆ ರಾತ್ರಿ ಕಡಲಲ್ಲಿದ್ದ ದೋಣಿಗಳವರ ಮನೆಗಳಿಗೆ ಒಂದಾದ ಮೇಲೊಂದು ಹೇಳುತ್ತ ಹೋದರು.

1554ರಲ್ಲಿ ಮಾತನಾಡಿದ್ದು ಅವಸರವಿಲ್ಲದ ದನಿ. ಎಷ್ಟು ಜನ, ದೋಣಿ ಎಷ್ಟು ಉದ್ದ, ಯಾವ ಬಣ್ಣ, ಲೈಫ್ ಜಾಕೆಟ್ ಇದೆಯೇ, ದೋಣಿಯಿಂದ ಮಾತನಾಡುವ ವಿಎಚ್‌ಎಫ್ ರೇಡಿಯೊ ಇದೆಯೇ, ಕೊನೆಯ ಸಲ ಎಲ್ಲಿದ್ದರು. ಜನ ಎಷ್ಟು ಮತ್ತು ಬಣ್ಣ ಯಾವುದು ಎನ್ನುವುದನ್ನು ಬಿಟ್ಟರೆ ನನಗೆ ಯಾವುದೂ ಗೊತ್ತಿರಲಿಲ್ಲ. ಬಣ್ಣ ಬಿಳಿ. ಕಡಲಿನ ನೊರೆಯೂ ಬಿಳಿ. ಕೊನೆಗೆ ಆ ದನಿ ಕೇಳಿತು: ‘ಎಷ್ಟು ಗಂಟೆಗೆ ಬರುತ್ತೇವೆ ಎಂದಿದ್ದರು?’

ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಆ ದಿನ ಬೆಳಿಗ್ಗೆ ನಾವು ಜಗಳವಾಡಿದ್ದೆವು. ರಜೆ ಎಂದರೆ ಇವರಿಗೆ ಗೆಳೆಯರು ಮತ್ತು ದೋಣಿ, ನಾನೇಕೆ ಬರಬೇಕಿತ್ತು ಎಂದು ಕೂಗಾಡಿದ್ದೆ. ಹೊರಡುವಾಗ ಅವರು ಬಾಗಿಲಲ್ಲಿ ನಿಂತು ಏನೋ ಹೇಳಿದರು. ಕೇಳಿಸಬಾರದೆಂದೇ ನಾನು ನಲ್ಲಿಯನ್ನು ಜೋರಾಗಿ ತಿರುಗಿಸಿದೆ. ‘ನಾಲ್ಕು ಗಂಟೆಗೆ ಬರುತ್ತೇವೆ’ ಎಂದಿದ್ದರಂತೆ. ಆ ರಾತ್ರಿಯಿಡೀ ಅಲೆಯ ಸದ್ದಿನೊಳಗೆ ಆ ನಲ್ಲಿಯೇ ಹರಿಯುತ್ತಿತ್ತು. ಈಗಲೂ ಕೆಲವು ದಿನ ಪಾತ್ರೆ ತೊಳೆಯುವಾಗ ಕೈ ನಿಂತುಬಿಡುತ್ತದೆ.

ಫೋನನ್ನು ಕಿವಿಯಲ್ಲೇ ಹಿಡಿದು ಅಕ್ಕನ ಕಡೆ ತಿರುಗಿ ‘ಗೊತ್ತಿಲ್ಲ’ ಎಂದೆ. ಅವರು ಸಮಾಧಾನ ಮಾಡಲಿಲ್ಲ. ‘ಊಟ ಎಷ್ಟು ಒಯ್ದಿದ್ದಾರೆ?’ ಎಂದರು. ಮಧ್ಯಾಹ್ನಕ್ಕೆ ಮಾತ್ರ. ‘ಹಾಗಾದರೆ ಕತ್ತಲಾಗುವ ಮೊದಲು ಬರಬೇಕಾದವರು. ಹಾಗೆಯೇ ಹೇಳು.’ ಹಾಗೆಯೇ ಹೇಳಿದೆ. ಆ ಕಡೆಯ ದನಿ ಅದನ್ನೇ ಬರೆದುಕೊಂಡಿತು.

ಹನ್ನೊಂದರ ಸುಮಾರಿಗೆ ಗಾಳಿ ತಿರುಗಿತು. ಅಕ್ಕ ಸೆರಗಿನ ತುದಿಯನ್ನು ಸಡಿಲ ಬಿಟ್ಟು ನೋಡಿದರು, ಅದು ಕಡಲಿನತ್ತ ಹಾರಿತು. ‘ಮೂಡುಗಾಳಿ. ದೋಣಿಯನ್ನು ಹೊರಗೆ ನೂಕುತ್ತದೆ. ಈ ತಿಂಗಳಲ್ಲಿ ನೀರು ಬಡಗಣಕ್ಕೆ ಹೋಗುತ್ತದೆ. ನೇತ್ರಾಣಿಯ ಸುತ್ತಲೇ ಹುಡುಕಿದರೆ ಆಗಲಿಲ್ಲ, ಆ ಕಡೆಯ ಮಂಕಿ ಊರಿನ ನೇರಕ್ಕೂ ನೋಡಬೇಕು’ ಎಂದು, ಅದನ್ನೇ ಮತ್ತೆ ಫೋನಿನಲ್ಲಿ ದೋಣಿಯವರಿಗೆ ಹೇಳಿಸಿದರು. ಲಂಗರು ಹಾಕಿರಬಹುದಲ್ಲ ಎಂದೆ. ‘ಷೋಕಿಯ ದೋಣಿಯಲ್ಲಿ ಹಗ್ಗ ಎಷ್ಟು ಮಾರು ಇರುತ್ತದೆ?’ ಎಂದರು. ನಿಜವೇ, ಆ ಹಗ್ಗ ತಳ ಮುಟ್ಟಿರಲೇ ಇಲ್ಲ. ಕಡಲಲ್ಲಿ ಹುಡುಕುವವರ ಲೆಕ್ಕವೂ ಅಕ್ಕನ ಲೆಕ್ಕದ ಹಾಗೆಯೇ ಎಂದು ಆಮೇಲೆ ತಿಳಿಯಿತು: ಕೊನೆಗೆ ಇದ್ದ ಜಾಗ, ಅಲ್ಲಿಂದ ಕಳೆದ ಹೊತ್ತು, ನೀರಿನ ಸೆಳೆತ, ಗಾಳಿ. ಗಂಟೆ ಕಳೆದಂತೆಲ್ಲ ಹುಡುಕಬೇಕಾದ ಕಡಲು ಹಿಗ್ಗುತ್ತ ಹೋಗುತ್ತದೆ. ಅದಕ್ಕೇ ಆ ಗಂಟೆಯ ಪ್ರಶ್ನೆ. ಬೆಳಿಗ್ಗೆ ಇವರು ಸಿಕ್ಕಿದ್ದು ಮಂಕಿಯ ನೇರಕ್ಕೆ, ಪಡುವಣದಲ್ಲಿ.

ನಡುರಾತ್ರಿಯ ಮೇಲೆ ಮಾತು ಮುಗಿಯಿತು. ನಮ್ಮ ಬೆನ್ನಿಗೆ 123 ಅಡಿಯ ಶಿವ, ದೀಪದ ಬೆಳಕಿನಲ್ಲಿ. ಕಡಲಲ್ಲಿದ್ದವರಿಗೂ ಆ ಬೆಳಕಿನ ಚುಕ್ಕಿ ಕಾಣುತ್ತಿತ್ತಂತೆ, ಮೊದಲು ಎದುರಿಗೆ, ಆಮೇಲೆ ಬೆನ್ನ ಕಡೆಗೆ. ಅಕ್ಕ ಎದ್ದು ಹೋಗಿ ಎಲ್ಲಿಂದಲೋ ಚಹಾ ತಂದರು. ಆಗಲೇ ತಮ್ಮನ ವಿಷಯ ಹೇಳಿದ್ದು. ಅವನಿಗಾಗಿ ಇದೇ ಮರಳಿನಲ್ಲಿ ಮೂರು ರಾತ್ರಿ ಕಾದಿದ್ದರಂತೆ. ‘ಬಂದನೇ?’ ಎಂದೆ. ‘ಬಂದ. ನಾಲ್ಕನೆಯ ದಿನ. ಬಂದವನಿಗೆ ಚೆನ್ನಾಗಿ ಬೈದೆ’ ಎಂದರು. ಆ ಒಂದು ಮಾತನ್ನು ಹಿಡಿದು ಬೆಳಗು ಮಾಡಿದೆ. ಮೂರೂ ರಾತ್ರಿ ಕಳೆದರೂ ನಾಲ್ಕನೆಯ ದಿನ ಇರುತ್ತದೆ ಎಂದು ಎಣಿಸುತ್ತ ಕುಳಿತಿದ್ದೆ.

ಈ ಮಳೆಗಾಲದ ಮೊದಲು ಅವರ ಮನೆಗೆ ಹೋಗಿದ್ದೆ. ಗೋಡೆಯಲ್ಲಿ ಒಬ್ಬ ಹುಡುಗನ ಫೋಟೊ, ಅದಕ್ಕೆ ಮಾಲೆ. ಸೊಸೆ ಹೇಳಿದಳು, ಅತ್ತೆಯ ತಮ್ಮ, ಕಡಲಿಗೆ ಹೋದವನು ಸಿಗಲೇ ಇಲ್ಲ. ಅಕ್ಕ ಒಳಗಿನಿಂದ ಗಂಜಿ ತಂದಿಟ್ಟರು. ನಾನು ಫೋಟೊ ನೋಡಿದ್ದನ್ನು ಅವರು ನೋಡಿದರು. ಇಬ್ಬರೂ ಆ ಮಾತು ತೆಗೆಯಲಿಲ್ಲ. ಗಂಜಿಗೆ ಉಪ್ಪು ಸಾಲದು ಎಂದೆ, ಹಾಕಿಕೊಟ್ಟರು.

ಅಂದು ಬೆಳಿಗ್ಗೆ ಫೋನ್ ಬಂದದ್ದೂ ಅಕ್ಕನ ಚೀಲದೊಳಗಿನ ಮೊಬೈಲಿಗೇ. ‘ಮೂವರೂ ಇದ್ದಾರಂತೆ’ ಎಂದು ಹೇಳಿ, ಸೀರೆಯ ಮರಳು ಕೊಡವಿ, ‘ಮೀನು ಬರುವ ಹೊತ್ತಾಯಿತು’ ಎಂದು ಹೊರಟೇಬಿಟ್ಟರು. ನಾನು ಕಾಲು ಮುಟ್ಟಲು ಬಗ್ಗುವಷ್ಟರಲ್ಲಿ ಬುಟ್ಟಿ ಅವರ ತಲೆಯ ಮೇಲಿತ್ತು.

ದೋಣಿಯನ್ನು ಇವರು ಬಿಟ್ಟಿಲ್ಲ, ನಾನೂ ಬಿಡಿಸಿಲ್ಲ. ಲೈಫ್ ಜಾಕೆಟ್‌ಗಳು ಕಿತ್ತಳೆ ಬಣ್ಣದವು, ಹಗ್ಗ ಉದ್ದದ್ದು, ರೇಡಿಯೊ ಬಂದಿದೆ, 16ನೇ ಚಾನೆಲ್ ಎಂದರೆ ಅಪಾಯದಲ್ಲಿ ಕೂಗಿ ಕರೆಯುವ ಚಾನೆಲ್ ಎಂದು ನನಗೂ ಗೊತ್ತು. ಹೊರಡುವ ಮೊದಲು ಗಂಟೆಯನ್ನು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಡುತ್ತಾರೆ.

ಮೊನ್ನೆ ಶನಿವಾರವೂ ಮುರುಡೇಶ್ವರದಲ್ಲಿದ್ದೆವು. ಅಕ್ಕನ ಬುಟ್ಟಿಯಲ್ಲಿ ಬಂಗುಡೆ ಇತ್ತು. ಚೌಕಾಸಿ ಮಾಡಲಿಲ್ಲ; ಅದಕ್ಕೆ ಅವರಿಗೆ ಸಿಟ್ಟೇ ಬಂತು, ತಾವಾಗಿ ಎರಡು ಮೀನು ಹೆಚ್ಚಿಗೆ ಹಾಕಿದರು. ‘ಗಂಡ ಎಲ್ಲಿ?’ ಎಂದರು. ಕಡಲಿಗೆ ಹೋಗಿದ್ದಾರೆ ಎಂದೆ. ‘ಎಷ್ಟು ಗಂಟೆಗೆ ಬರುತ್ತಾನಂತೆ?’ ಚೀಟಿ ತೋರಿಸಿದೆ. ಮೂರೂವರೆ. ಅಕ್ಕ ಕೈ ಒರೆಸಿಕೊಂಡು, ಪ್ಲಾಸ್ಟಿಕ್ ಚೀಲದ ಮೊಬೈಲನ್ನು ಬಿಸಿಲಿಗೆ ಓರೆ ಹಿಡಿದು ಹೊತ್ತು ನೋಡಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.