ಗೌರಿ ಹಗ್ಗ ಏರತಾಳ

ದಾದರ, ಮುಂಬಯಿ

ಅವ್ವಗ ನಮಸ್ಕಾರ.

ನಿನ್ನ ಪತ್ರ ಮುಟ್ಟಿತು. "ಕಿವಿಗೆ ಮಷಿನ್ ಹಾಕ್ಕೊಂಡ ಮಗಳನ್ನ ಹಗ್ಗ ಏರಸ್ತೀಯಲ್ಲ, ಬುದ್ಧಿ ಎಲ್ಲಿಟ್ಟೀ" ಅಂತ ಬೈದೀದಿ. ಮೊದಲ ಹೇಳಿಬಿಡತೀನಿ: ಏರೂವಾಗ ಮಷಿನ್ ಕಿವ್ಯಾಗ ಇರೂದಿಲ್ಲ, ಡಬ್ಬ್ಯಾಗ ಇರತದ. ಬೆವರು ಹೋದರ ಕೆಡತದ.

ಹೋದ ವರ್ಷ ಸಾಲ್ಯಾಗ ಓಟದ ಪಂದ್ಯ ಇತ್ತು. ಸೀಟಿ ಗೌರಿಗೆ ಕೇಳಲಿಲ್ಲ, ಎಲ್ಲಾರೂ ಓಡಿದ ಮ್ಯಾಲ ಓಡಿದಳು. ಹುಡುಗರು ನಕ್ಕವು. ಅವತ್ತಿನಿಂದ ಆಟದ ಬಿಡುವಿನ್ಯಾಗ ಬೆಂಚ್ ಬಿಟ್ಟು ಏಳಲಿಲ್ಲ. ಕಿವುಡರ ಒಲಿಂಪಿಕ್ಸ್ 1924ರಿಂದ ನಡದಾವ, ಅಲ್ಲಿ ಓಟಕ್ಕ ಈಗ ದೀಪದ ಸೂಚನೆ. ಇವರಿಗೆ ಒಂದು ಕರವಸ್ತ್ರ ಬೀಸೂದೂ ತೋಚಲಿಲ್ಲ.

ಕೇಳೂ ಭಾಗಕ್ಕ ಹತ್ತಿಕೊಂಡ ತೋಲ ಕಾಯೂ ಭಾಗನೂ ಕಿವಿಯೊಳಗ ಅದ. ಅದಕ್ಕ ಇಂಥ ಕೆಲವು ಮಕ್ಕಳು ಕತ್ತಲ್ಯಾಗ ತಡವರಸತಾವಂತ. ರಾತ್ರಿ ಮೆಟ್ಟಲ ಮ್ಯಾಲ ಮುಗ್ಗರಿಸಿದಾಗೆಲ್ಲ "ನೆಲ ನೋಡಿ ನಡಿ" ಅಂತ ಎಷ್ಟು ಬೈದೀನಿ ನಾನು! ತೋಲಕ್ಕ ಒಳ್ಳೇದು ಅಂತ ಶಿವಾಜಿ ಪಾರ್ಕಿನ ಸಮರ್ಥ ವ್ಯಾಯಾಮ ಮಂದಿರಕ್ಕ ಹಚ್ಚಿದ್ವಿ. ಹುಡುಗರು ಔಡಲೆಣ್ಣಿ ಸವರಿದ ಮಲ್ಲಕಂಬ ಏರತಾವ, ಇವಳದು ಮ್ಯಾಲಿಂದ ಇಳಿಬಿಟ್ಟ ಹಗ್ಗದ ಮಲ್ಲಕಂಬ.

ಎರಡು ತಿಂಗಳು ಅತ್ತಳು. ಅಂಗೈ ಸುಲದವು. ಬಿಡಿಸಿಬಿಡೋಣ ಅಂದಿದ್ದೆ ನಾನೂ.

ಆದರ ಅಲ್ಲಿ ಮಾಸ್ತರು ಮೊದಲು ಮಾಡಿ ತೋರಸತಾರ, ಹೇಳೂದು ಆಮ್ಯಾಲ. ತುಟಿ ನೋಡಿ ಮಾತು ಹಿಡದು ಹಿಡದು ಗೌರಿ ಕಣ್ಣು ಸೂಜಿ ಆಗ್ಯಾವ. ಒಮ್ಮೆ ನೋಡಿದರ ಸಾಕು. ಒಂದು ದಿನ ಮರಾಠಿ ಹುಡುಗಿ ಒಂದಕ್ಕ ಕಾಲಬೆರಳ ಸಂದ್ಯಾಗ ಹಗ್ಗ ಹಿಡಿಯೂದು ಬರವಲ್ದಾಗಿತ್ತು. ಗೌರಿ ಕೆಳಗ ಕೂತು ಆಕಿ ಪಾದ ಹಿಡದು ಹೆಬ್ಬೆರಳು ಮಡಚಿ ತೋರಿಸಿದಳು. ಮಾತ ಬೇಕಾಗಲಿಲ್ಲ. ಮರುದಿನ ಆ ಹುಡುಗಿ ನಮ್ಮ ಬಾಗಲಿಗೆ ಬಂದಿತ್ತು!

ಈಗ ಕಟ್ಟಡದ ಹುಡುಗರ ಸಂಗಡ ಕೆಳಗ ಇಳೀತಾಳ. ಹಿಂದಿನಿಂದ ಕೂಗಿದವರಿಗೆ, "ಮುಂದ ಬಂದು ಮಾತಾಡು, ನಂಗ ಕೇಳಸಂಗಿಲ್ಲ" ಅಂತಾಳ. ಮೊದಲ ಇದನ್ನ ನಾನು ಹೇಳತಿದ್ದೆ, ಆಕಿ ನನ್ನ ಸೆರಗಿನ ಹಿಂದ ನಿಂದರತಿದ್ದಳು. ಕಿವಿ ಸುಧಾರಿಸಿಲ್ಲ, ತಿಳಕೋ. ಮದುವಿ ಗದ್ದಲದಾಗ ಇನ್ನೂ ಮಂಕಾಗತಾಳ. ಮಾತಿನ ಪಾಠನೂ ನಡದೇ ಅದ.

ಪಂಚಮಿಗೆ ಊರಿಗೆ ಬರತೀವಿ. ಬೇವಿನ ಗಿಡಕ್ಕ ಜೋಕಾಲಿ ಕಟ್ಟೂವಾಗ ಪಕ್ಕಕ್ಕ ಇನ್ನೊಂದು ಹಗ್ಗ ಇಳಿಬಿಡಲಿಕ್ಕೆ ಅಪ್ಪಗ ಹೇಳು. ನೂಲಿಂದು ಇರಲಿ, ಪ್ಲಾಸ್ಟಿಕ್ ಬ್ಯಾಡ, ಕಾಲು ಕೊಯ್ತದ.

ನಿನ್ನ ಮಗಳು,
ಸುಮಾ