ಗಾಡಿ ಸ್ಟಾರ್ಟ್ ಆದ ಮೇಲೆ ಏನು ಅಂತ ಬರೆದಿದ್ದೆಯಲ್ಲ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂದು ಒಂಬತ್ತು ದಿನ ಆಯಿತು. ಮೂರು ಸಲ ಉತ್ತರ ಬರೆಯಲು ಕೂತೆ. ಮೂರು ಸಲವೂ ನೀನೂ ನಿನ್ನ ಮಗನೂ ಸೇರಿ ಸರಿ ಮಾಡುತ್ತಿರೋ ಹಳೇ ಗಾಡಿಯ ಬ್ರೇಕ್ ವಿಷಯ, ಪೇಂಟ್ ವಿಷಯ ಅಂತ ಒಂದು ಪುಟ ತುಂಬಿಸಿ ಹರಿದು ಹಾಕಿದೆ. ನೀನು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬಹುದು, ಅದೇನು ದೊಡ್ಡದಲ್ಲ. ಆದರೆ ಕೊನೆಯಲ್ಲಿ, ಸಹಿ ಹಾಕೋ ಜಾಗಕ್ಕಿಂತ ಸ್ವಲ್ಪ ಮೇಲೆ, ಇಕ್ಕಟ್ಟಿನಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, "ಗಾಡಿ ಸ್ಟಾರ್ಟ್ ಆದ ದಿನ ನನಗೂ ಅವನಿಗೂ ಮಾತಾಡಲು ಏನೂ ಉಳಿಯೋದಿಲ್ಲವೇನೋ ಅಂತ ಭಯ ಆಗುತ್ತೆ ದೊಡ್ಡಪ್ಪ" ಅಂತ, ಆ ಸಾಲು ನನ್ನನ್ನು ಬಿಡುತ್ತಿಲ್ಲ. ರಾತ್ರಿ ನೀರು ಕುಡಿಯಲು ಎದ್ದರೂ ಅದೇ ನೆನಪು.

ಕಾರ್ಬುರೇಟರ್ ಕಿಟ್ ಇನ್ನೂ ಸಿಕ್ಕಿಲ್ಲ, ಎರಡು ತಿಂಗಳಿಂದ ಅದೊಂದಕ್ಕೇ ಕೆಲಸ ನಿಂತಿದೆ ಅಂದಿದ್ದೀಯ. ಆ ಎಫ್‌ಸಿ 150 ಅನ್ನೋ ಸಣ್ಣ ಲಾರಿಯ ಬಾಗಿಲು, ಗಾಜು, ಮುಂದಿನ ತಗಡು ಸಿಗೋದು ಕಷ್ಟ ಅಂದಿದ್ದರೆ ಒಪ್ಪುತ್ತಿದ್ದೆ. ಆ ಕ್ಯಾಬಿನ್ ಮಾಮೂಲಿ ಜೀಪಿನದಲ್ಲ. ಆದರೆ ಇಂಜಿನ್ ಜೀಪಿನದೇ ಅಲ್ವಾ. ಮಹೀಂದ್ರದವರು ವರ್ಷಾನುಗಟ್ಟಲೆ ಜೀಪಿಗೆ ಹಾಕಿದ ಅದೇ ಹರಿಕೇನ್ ಪೆಟ್ರೋಲ್ ಇಂಜಿನ್. ನಾಲ್ಕು ಸಿಲಿಂಡರ್, 2.2 ಲೀಟರ್. ಪೆಟ್ರೋಲ್ ಒಳಗೆ ಬಿಡೋ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಹೊಗೆ ಹೊರಗೆ ಬಿಡೋ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಅದರ ಸಣ್ಣಪುಟ್ಟ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಬೆಳಗ್ಗೆ ಓಡಾಡಿದರೆ ಸಾಕು. ಅದಕ್ಕೇ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಕಿಟ್ ಸಿಕ್ಕಿದೆ ಅಲ್ವಾ? ನಿನ್ನ ಬೀರುವಿನಲ್ಲೇ ಎಲ್ಲೋ ಇದೆ ಅಲ್ವಾ?

ನನ್ನ ಊಹೆ ತಪ್ಪಾಗಿದ್ದರೆ ಇದನ್ನು ಮರೆತುಬಿಡು. ಆದರೆ ಹೀಗೆ ಯಾಕೆ ಅನ್ನಿಸಿತು ಅಂತ ಹೇಳಬೇಕು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ನಿನ್ನ ದೊಡ್ಡಮ್ಮನಿಗೂ ಹೇಳಿಲ್ಲ.

ಪಾಲಾದ ಮೇಲಿನ ವರ್ಷಗಳು ನಿನಗೆ ಗೊತ್ತೇ ಇವೆ, ಅದನ್ನೆಲ್ಲ ಮತ್ತೆ ಕೆದಕೋದಿಲ್ಲ. ಆಗ ನಾನೂ ನಿಮ್ಮಪ್ಪನೂ ಮದುವೆ ಮನೆಯಲ್ಲಿ ಎದುರು ಸಿಕ್ಕರೂ ಎಲೆ ನೋಡಿಕೊಂಡು ಊಟ ಮಾಡಿ ಬರುತ್ತಿದ್ದೆವು. ಆದರೆ ಮೂರು ನಾಲ್ಕು ವಾರಕ್ಕೊಮ್ಮೆ ಅವನ ಕಡೆಯಿಂದ ಆಳು ಬರುತ್ತಿದ್ದ, ಕೈಯಲ್ಲಿ ಒಂದು ಚೀಟಿ. "ಗಾಡಿ ನಿಂತಿದೆ." ಅಷ್ಟೇ. ನಾನು ಟೂಲ್ಸ್ ಚೀಲ ತೆಗೆದುಕೊಂಡು ಹೋಗುತ್ತಿದ್ದೆ, ಯಾಕೆಂದರೆ ಅದು ನಮ್ಮಪ್ಪ 1969ರಲ್ಲಿ ತಂದ ಗಾಡಿ. ಅದರ ಮೇಲೆ ಸಿಟ್ಟು ಮಾಡೋಕೆ ಆಗುತ್ತಿರಲಿಲ್ಲ.

1983ರ ಮಳೆಗಾಲ. ಸಕಲೇಶಪುರದ ಕಡೆಯ ಆಷಾಢದ ಮಳೆ ಹೇಗಿರುತ್ತೆ ಅಂತ ನಿನಗೆ ಹೇಳಬೇಕಾ? ನಾನು ಹೋದಾಗ ಗಾಡಿ ಶೆಡ್ಡಿನಲ್ಲಿತ್ತು. ಕ್ಯಾಬಿನ್ ಒಳಗಿನ ಇಂಜಿನ್ ಪೆಟ್ಟಿಗೆ ಮೇಲೆ ಗೋಣಿತಾಟು ಹಾಸಿತ್ತು, ಅದರ ಮೇಲೆ ನಿಮ್ಮಪ್ಪನ ಕಂಬಳಿ ಒಣಗಲು ಹರವಿತ್ತು. ಕಂಬಳಿಯಿಂದ ಇನ್ನೂ ಆವಿ ಬರುತ್ತಿತ್ತು. ಅಂದರೆ ಇಂಜಿನ್ ಸ್ವಲ್ಪ ಹೊತ್ತಿನ ಮುಂಚೆ ಓಡಿದೆ. ಕಂಬಳಿ ಸರಿಸಿ, ಪೆಟ್ಟಿಗೆ ಎತ್ತಿ, ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ನೋಡಿದೆ. ಕಾಯಿಲ್‌ನಿಂದ ಬರೋ ವೈರಿನ ನಟ್ಟು ಸಡಿಲವಾಗಿ ವೈರು ಪಕ್ಕಕ್ಕೆ ಬಿದ್ದಿತ್ತು. ತಾನಾಗಿ ಸಡಿಲವಾದ ನಟ್ಟಿನ ಮೈಮೇಲೆ ಎಣ್ಣೆ ಕೊಳೆ ಹಾಗೇ ಕೂತಿರುತ್ತೆ. ಇದರ ಆರು ಮೂಲೆಯಲ್ಲಿ ಎರಡು ಮೂಲೆಯ ಕೊಳೆ ಹೋಗಿ ಹಿತ್ತಾಳೆ ಹೊಳೆಯುತ್ತಿತ್ತು. ಸ್ಪಾನರ್ ಹಾಕಿದ ಗುರುತು. ಹೊಚ್ಚ ಹೊಸದು.

ನಾನು ನಿಮ್ಮಪ್ಪನ ಮುಖ ನೋಡಲಿಲ್ಲ. ಅವನು ಬಾಗಿಲಿಗೆ ಒರಗಿ ನಿಂತು ಮಳೆ ನೋಡುತ್ತಿದ್ದ. ಜಗಲಿ ಮೇಲೆ ಎರಡು ಲೋಟ ಆಗಲೇ ಇಟ್ಟಿತ್ತು, ಮೇಲೆ ತಟ್ಟೆ ಮುಚ್ಚಿತ್ತು. ನಾನು ನಟ್ಟು ಬಿಗಿ ಮಾಡಿದೆ. ಸೆಲ್ಫ್ ಹೊಡೆದೆ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. "ಸರಿ ಹೋಯ್ತು" ಅಂದೆ. ಚೀಲ ಎತ್ತಿಕೊಂಡು ಮಳೆಯಲ್ಲೇ ಹೊರಟುಬಿಟ್ಟೆ. ಆ ಕಾಫಿ ಕುಡಿಯಲಿಲ್ಲ ಪುಟ್ಟಿ. ಆಗ ನೀನು ಆರು ವರ್ಷದವಳು, ಒಳಗಿನಿಂದ ಓಡಿ ಬಂದು ದೊಡ್ಡಪ್ಪ ಅಂತ ಕೂಗಿದೆ. ತಿರುಗಿ ಕೈ ಮಾತ್ರ ಎತ್ತಿದೆ.

ಆ ನಟ್ಟನ್ನು ಅವನೇ ಬಿಚ್ಚಿದ್ದ ಅನ್ನೋದು ಆ ಕ್ಷಣಕ್ಕೇ ನನಗೆ ಗೊತ್ತಾಗಿತ್ತು. ಯಾಕೆ ಬಿಚ್ಚಿದ ಅನ್ನೋದು ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ಆಗ ನಾನು ನನ್ನನ್ನು ಸುಮ್ನೆ ಓಡಾಡಿಸುತ್ತಾನೆ ಅಂದುಕೊಂಡೆ. ಎಷ್ಟು ದಡ್ಡ ನಾನು.

ಅದಕ್ಕೇ ನಿನ್ನ ಕಿಟ್ ವಿಷಯ ಓದಿದ ಕೂಡಲೇ ನನಗೆ ಆ ಹೊಳೆಯೋ ಮೂಲೆಗಳು ಕಣ್ಣ ಮುಂದೆ ಬಂದವು. ನೀನು ಕೆಲಸ ನಿಲ್ಲಿಸಿದ್ದರೆ ಅದರಲ್ಲಿ ತಪ್ಪಿಲ್ಲ, ನಾನು ಬೈಯುತ್ತಿಲ್ಲ. ಆದರೆ ನಿನ್ನ ಭಯ ಇರೋದು ಗಾಡಿ ಸ್ಟಾರ್ಟ್ ಆದರೆ ಎಲ್ಲ ಮುಗಿಯುತ್ತೆ ಅಂತ ಅಲ್ವಾ? ನಾನೂ ನಿಮ್ಮಪ್ಪನೂ ಇದ್ದದ್ದೇ ಆ ಗಾಡಿ ಸ್ಟಾರ್ಟ್ ಆದ ಮೇಲಿನ ಮೂರು ನಾಲ್ಕು ವಾರಗಳ ಲೆಕ್ಕದಲ್ಲಿ. ಬ್ರೇಕ್ ಆಯಿಲ್ ಸೋರಿತು, ರೇಡಿಯೇಟರ್ ಹೋಸ್ ಒಡೆಯಿತು, ಡೈನಮೋ ಚಾರ್ಜ್ ಮಾಡುತ್ತಿಲ್ಲ, ಹೀಗೆ ಒಂದಲ್ಲ ಒಂದು. ಅದು ಹೊಸ ಗಾಡಿ ಥರ ಸುಮ್ಮನೆ ಓಡಿದ್ದಿದ್ದರೆ ನಾವಿಬ್ಬರೂ ಒಬ್ಬರ ದನಿ ಒಬ್ಬರು ಮರೆತಿರುತ್ತಿದ್ದೆವು. ಹಳೇ ಗಾಡಿ ರೆಡಿ ಆಯಿತು ಅನ್ನೋದು ಬರೀ ಮಾತು. ಅದು ಯಾವತ್ತೂ ರೆಡಿ ಆಗಲ್ಲ.

ಇದನ್ನು ಹೇಳಿದ ಮಾತ್ರಕ್ಕೆ ನಿನ್ನ ಭಯ ಹೋಗಲ್ಲ ಅಂತಲೂ ಗೊತ್ತು. ನಿನ್ನ ಮಗ ಬರುವ ವರ್ಷ ಓದಲು ಬೇರೆ ಊರಿಗೆ ಹೋಗುತ್ತಾನೆ. ಗಾಡಿ ಕೆಟ್ಟರೂ ಅವನು ಇಲ್ಲಿ ಇರಲ್ಲ. ಇದನ್ನೇ ನೀನು ಬರೆಯದೆ ಬಿಟ್ಟಿದ್ದೀಯ.

ಮಧ್ಯದಲ್ಲಿ ಒಂದು ಮಾತು, ಮರೆತುಬಿಟ್ಟೇನು. ಫೋಟೋದಲ್ಲಿ ಅವನು ಗಾಡಿ ಕೆಳಗೆ ಮಲಗಿದ್ದಾನೆ, ಗಾಡಿ ಬರೀ ಜಾಕ್ ಮೇಲೆ ನಿಂತಿದೆ. ಹಾಗೆ ಖಂಡಿತ ಬೇಡ. ಚಾಸಿ ಕೆಳಗೆ ದಪ್ಪ ಮರದ ದಿಮ್ಮಿ ಕೊಟ್ಟು, ಚಕ್ರಕ್ಕೆ ಅಡ್ಡ ಕಲ್ಲು ಇಟ್ಟು, ಆಮೇಲೆ ಕೆಳಗೆ ಹೋಗಲಿ. ಬ್ರೇಕ್ ಡ್ರಮ್ಮಿನ ಧೂಳನ್ನು ಬಾಯಿಂದ ಊದೋದು, ಪಂಪಿನಿಂದ ಗಾಳಿ ಹೊಡೆಯೋದು ಮಾಡಬೇಡಿ. ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಪೆಟ್ರೋಲ್ ಟ್ಯಾಂಕಿನ ತೂತಿಗೆ ವೆಲ್ಡಿಂಗ್ ಮಾಡಿಸುತ್ತೇನೆ ಅಂದಿದ್ದೀಯ. ಟ್ಯಾಂಕ್ ಖಾಲಿ ಇದೆ ಅಂತ ನಂಬಬೇಡ. ಒಳಗಿನ ಪೆಟ್ರೋಲ್ ಆವಿಗೆ ಕಿಡಿ ತಗುಲಿದರೆ ಸಿಡಿಯುತ್ತೆ, ಅದು ತಿಳಿದವರ ಕೈಗೇ ಹೋಗಲಿ. ನೀನು ಹುಷಾರಿನವಳು, ನಾನು ಜಾಸ್ತಿ ಹೇಳುತ್ತಿದ್ದೇನೆ.

ಈಗ ನನ್ನ ಮಗನ ವಿಷಯ. ಅವನು ಎಲ್ಲಿದ್ದಾನೆ, ಹೇಗಿದ್ದಾನೆ ಅನ್ನೋದೆಲ್ಲ ನಿಮಗೆ ಗೊತ್ತು. ಗೊತ್ತಿಲ್ಲದ್ದು ಇದು. 1988ರ ಸಂಕ್ರಾಂತಿ ಹೊತ್ತು, ಅವನಿಗೆ ಹದಿನಾಲ್ಕು. ನಮ್ಮ ಜೀಪಿನ ಇಂಜಿನ್ ಇಳಿಸಿದ್ದೆವು. ಪ್ರತಿ ಭಾನುವಾರ ಅವನು ನನ್ನ ಜೊತೆ. ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಹಾರ್ಲಿಕ್ಸ್ ಬಾಟ್ಲಿಗಳಲ್ಲಿ ಹಾಕಿ, ಯಾವುದು ಎಲ್ಲಿಯದು ಅಂತ ಚೀಟಿ ಅಂಟಿಸಿದ್ದ. ಒಂದು, ಮೂರು, ನಾಲ್ಕು, ಎರಡು ಅಂತ ಫೈರಿಂಗ್ ಆರ್ಡರನ್ನು, ಅಂದರೆ ಸಿಲಿಂಡರ್ ಹೊತ್ತಿಕೊಳ್ಳೋ ಸರದಿಯನ್ನು, ಮಗ್ಗಿ ಥರ ಹೇಳಿಕೊಂಡು ಓಡಾಡುತ್ತಿದ್ದ. ಪಾಯಿಂಟ್ ಸೆಟ್ ಮಾಡೋದು, ಅಂದರೆ ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಬರಿಸೋ ಭಾಗದ ಸಂದು ಸರಿ ಮಾಡೋದು, ತನ್ನ ಕೆಲಸ ಅಂತ ಮೊದಲೇ ಹೇಳಿಟ್ಟಿದ್ದ. ನಾನು ಆಯಿತು ಅಂದಿದ್ದೆ.

ಆಗೆಲ್ಲ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೇ ಕೊಡಬೇಕಿತ್ತು. ಕಾಫಿ ಹದ ಮಾಡೋ ಕ್ಯೂರಿಂಗ್ ವರ್ಕ್ಸಿಗೆ ಮೂಟೆ ಸಾಗಿಸಬೇಕು, ಗಾಡಿ ಬೇಕು, ಬಾಡಿಗೆಗೆ ದುಡ್ಡಿಲ್ಲ. ಒಂದು ಶನಿವಾರ ರಾತ್ರಿ ಪೆಟ್ರೋಮ್ಯಾಕ್ಸ್ ಹಚ್ಚಿಕೊಂಡು ಒಬ್ಬನೇ ಕೂತೆ. ಬೆಳಗ್ಗೆ ಅವನು ಏಳೋ ಹೊತ್ತಿಗೆ ಸ್ವಲ್ಪ ಮುಂದೆ ಹೋಗಿರೋಣ ಅಂತಲೇ ಕೂತದ್ದು, ಆಣೆ ಮಾಡಿ ಹೇಳುತ್ತೇನೆ. ಆದರೆ ಒಂದಾದ ಮೇಲೆ ಒಂದು ಕೂಡುತ್ತಾ ಹೋಯಿತು, ಕೈ ನಿಲ್ಲಲಿಲ್ಲ. ಪಾಯಿಂಟೂ ನಾನೇ ಸೆಟ್ ಮಾಡಿದೆ. ನಾಲ್ಕೂವರೆಗೆ ಹ್ಯಾಂಡಲ್ ಹೊಡೆದೆ. ಶಬ್ದಕ್ಕೆ ಅವನು ಎದ್ದು ಜಗಲಿಗೆ ಬಂದ. ಚಡ್ಡಿ, ಬನಿಯನ್ನು, ಚಳಿಗೆ ಎರಡೂ ಕೈ ಕಂಕುಳಲ್ಲಿ. "ಆಯ್ತಾ ಅಪ್ಪ?" ಅಂದ. ಆಯ್ತು ಅಂದೆ. ನಾನು ನಗುತ್ತಿದ್ದೆ, ಅದು ಈಗಲೂ ನೆನಪಿದೆ. ಅವನು ಸ್ವಲ್ಪ ಹೊತ್ತು ನಿಂತು ಒಳಗೆ ಹೋದ.

ಮಧ್ಯಾಹ್ನ ನೋಡಿದರೆ ಬಾಟ್ಲಿಗಳ ಚೀಟಿಯೆಲ್ಲ ಕಿತ್ತು, ತೊಳೆದು, ಅಡುಗೆ ಮನೆಯಲ್ಲಿ ಬೋರಲು ಹಾಕಿದ್ದ. ಮತ್ತೆ ಶೆಡ್ಡಿಗೆ ಬರಲಿಲ್ಲ. ಈಗ ಭಾನುವಾರ ಫೋನ್ ಮಾಡುತ್ತಾನೆ. ಮಳೆ ಹೇಗಿದೆ, ಮಂಡಿ ನೋವು ಹೇಗಿದೆ, ಅಷ್ಟೇ. ಒಳ್ಳೆಯ ಮಗ. ನನಗೇ ಮುಂದೆ ಏನು ಕೇಳಬೇಕು ಅಂತ ಗೊತ್ತಾಗಲ್ಲ.

ಹಾಗಾಗಿ ಪುಟ್ಟಿ, ಗಾಡಿ ಸ್ಟಾರ್ಟ್ ಆದ ದಿನ ಮಾತು ನಿಲ್ಲೋದು ನಾನು ಕಣ್ಣಾರೆ ಕಂಡದ್ದೇ. ನಿನ್ನ ಭಯ ಸುಳ್ಳು ಅಂತ ಹೇಳುವ ಹಕ್ಕು ನನಗಿಲ್ಲ. ಆದರೆ ಅಲ್ಲಿ ಮಾತು ನಿಂತದ್ದು ಗಾಡಿ ಸ್ಟಾರ್ಟ್ ಆದದ್ದಕ್ಕಲ್ಲ, ಅವನು ಇಲ್ಲದಾಗ ಸ್ಟಾರ್ಟ್ ಆದದ್ದಕ್ಕೆ. ನಾನು ಅವಸರ ಮಾಡಿದೆ. ನೀನು ತಡ ಮಾಡುತ್ತಿದ್ದೀಯ. ಆದರೆ ತಡ ಮಾಡೋದನ್ನೂ ನೀನು ನಿನ್ನ ಮಗನಿಗೆ ಗೊತ್ತಿಲ್ಲದ ಹಾಗೆ ಒಬ್ಬಳೇ ಮಾಡುತ್ತಿದ್ದೀಯ, ಅದೇ ನನಗೆ ಕಳವಳ.

ಇನ್ನೊಂದು ವಿಷಯ. ಹಿಂದಿನ ಬ್ರೇಕ್ ಸರಿಯಾಗೇ ಇದ್ದರೂ ಅವನು ಮತ್ತೆ ಬಿಚ್ಚಿ ಕೂತ, ನೀನು ಸ್ವಲ್ಪ ರೇಗಿದೆ ಅಂತ ಎರಡನೇ ಪುಟದಲ್ಲಿ ಬರೆದಿದ್ದೀಯ. ಅದನ್ನು ಇನ್ನೊಂದು ಸಲ ಓದು. ಹದಿನಾರು ವರ್ಷದ ಹುಡುಗ, ಸರಿ ಇರೋ ಬ್ರೇಕನ್ನು ಯಾಕೆ ಬಿಚ್ಚುತ್ತಾನೆ? ನನಗೆ ಖಚಿತವಾಗಿ ಗೊತ್ತಿಲ್ಲ, ನಾನು ಅಲ್ಲಿಲ್ಲ. ಆದರೆ ಆ ಮನೆಯಲ್ಲಿ ಸರಿ ಇರೋ ನಟ್ಟು ಬಿಚ್ಚಿದವನನ್ನು ನಾನು ಮೊದಲೇ ನೋಡಿದ್ದೇನೆ. ಅವತ್ತು ನಾನು ಬಿಗಿ ಮಾಡಿ ಹೊರಟುಹೋದೆ. ನೀನು ಹಾಗೆ ಮಾಡಬೇಡ. ಅವನ ಪಕ್ಕ ಕೂತು ನೀನೂ ಒಂದು ಡ್ರಮ್ ಬಿಚ್ಚು. ಏನೂ ಕೇಳಬೇಡ, ಬೇಕಿದ್ದರೆ ಅವನೇ ಹೇಳುತ್ತಾನೆ. ಹೇಳದಿದ್ದರೂ ಪರವಾಗಿಲ್ಲ. ಆ ಕಿಟ್ ಬೀರುವಿನಿಂದ ತೆಗೆದು ಅವನ ಕೈಗೆ ಕೊಡು, ಯಾವಾಗ ಹಾಕೋಣ ಅಂತ ಅವನೇ ಹೇಳಲಿ.

ಆರ್‌ಸಿ ವಿಷಯ ಕೇಳಿದ್ದೆ. 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಮೊದಲೇ ನಂಬರ್ ಇರೋ ಗಾಡಿಗೆ ಹಳೇ ನಂಬರೇ ಉಳಿಯುತ್ತೆ, ಹೊಸದಾಗಿ ನೋಂದಾಯಿಸೋದಕ್ಕೆ ವಿಎ ಅಂತ ಬೇರೆ ನಂಬರ್ ಕೊಡುತ್ತಾರೆ, ಹೊಸ ನೋಂದಣಿಗೆ ಫೀಸು 20,000 ರೂಪಾಯಿ. ಆದರೆ ಆಮೇಲೆ ಅದನ್ನು ದಿನಾ ರಸ್ತೆಗೆ ತರೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕೆ ಮಾತ್ರ. ನನಗಂತೂ ಬೇಡ ಅನ್ನಿಸುತ್ತೆ. ಅವನು ರಜೆಗೆ ಬಂದಾಗ ನೀವಿಬ್ಬರೂ ಅದರಲ್ಲೇ ಹಾಸನದಿಂದ ತೋಟಕ್ಕೆ ಬರಬೇಕು. ಮಾಮೂಲಿ ರಿನ್ಯೂವಲ್ ಆಗುತ್ತಾ ಅಂತ ಮೊದಲು ಆರ್‌ಟಿಒದಲ್ಲಿ ವಿಚಾರಿಸು. ಚಾಸಿ ನಂಬರ್ ಇರೋ ಜಾಗಕ್ಕೆ ಗ್ರೈಂಡರ್ ಹಾಕಬೇಡಿ, ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿ, ಕಾಗದ ಇಟ್ಟು ಪೆನ್ಸಿಲ್‌ನಿಂದ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ರೆಡ್ ಆಕ್ಸೈಡ್ ಹೊಡೆಯೋದು ಅದಾದ ಮೇಲೆ.

ಗುರುವಾರ ತೋಟದ ರೈಟರ್ ಹಾಸನಕ್ಕೆ ಬರುತ್ತಿದ್ದಾರೆ. ಅವರ ಕೈಲಿ ಸಂದು ಅಳೆಯೋ ನನ್ನ ಫೀಲರ್ ಗೇಜ್ ಕಳಿಸುತ್ತಿದ್ದೇನೆ. ನನ್ನ ಮಗ ಶೆಲ್ಫಿನಲ್ಲಿ ಇಟ್ಟುಹೋದದ್ದೇ ಅದು, ಎಣ್ಣೆ ಹಚ್ಚಿ ಒರೆಸಿದ್ದೇನೆ. ಪಾಯಿಂಟಿಗೆ 20 ಥೌ ಬ್ಲೇಡು, ಅಂದರೆ ಇಂಚಿನ ಸಾವಿರದಲ್ಲಿ ಇಪ್ಪತ್ತು ಭಾಗ ದಪ್ಪದ್ದು. ಕ್ಯಾಮಿನ ಉಬ್ಬು ಪಾಯಿಂಟನ್ನು ಪೂರ್ತಿ ತೆರೆದಾಗ ಬ್ಲೇಡ್ ತೂರಿಸಬೇಕು, ಲೂಸಾಗಿ ಜಾರಬಾರದು, ಹಿಡಿಯಲೂಬಾರದು, ಬೆಣ್ಣೆಯಲ್ಲಿ ಎಳೆದ ಹಾಗೆ ಬರಬೇಕು. ಆ ಬ್ಲೇಡಿನ ತುದಿ ಸ್ವಲ್ಪ ಬಾಗಿದೆ, ಅರ್ಧದವರೆಗೆ ತೂರಿಸಿದರೆ ಸಾಕು ಅಂತ ನಿನ್ನ ಮಗನಿಗೆ ಹೇಳು. ಪಾಯಿಂಟ್ ಅವನೇ ಸೆಟ್ ಮಾಡಲಿ. ನೀನು ಟಾರ್ಚ್ ಹಿಡಿ.

ನಿನ್ನ ದೊಡ್ಡಪ್ಪ