ಚಂದ್ರಶೇಖರ ಎಂದೇ ಹೆಸರಿಡು

ಮಲ್ಲೇಶ್ವರ, ಬೆಂಗಳೂರು

ಪ್ರೀತಿಯ ಗೆಳೆಯಾ,

ಮಗುವಿನ ಹೆಸರಿನ ವಿಚಾರವಾಗಿ ಮನೆಯಲ್ಲಿ ಜಗ್ಗಾಟ ನಡೆದಿದೆ ಎಂದು ಬರೆದಿದ್ದೀಯ. ಅಮ್ಮನಿಗೆ ನಿಮ್ಮಪ್ಪನ ಹೆಸರೇ ಆಗಬೇಕು. ಚಂದ್ರಶೇಖರ ಎಂದು ಕೂಗಿದರೆ ಬೀದಿಯಲ್ಲಿ ನಾಲ್ವರು ತಿರುಗಿ ನೋಡುತ್ತಾರೆ ಎಂಬುದು ನಿಮ್ಮಿಬ್ಬರ ತಕರಾರು. ನೋಡಿದರೆ ನೋಡಲಿ ಬಿಡು. ನನ್ನ ಮತ ಅಮ್ಮನಿಗೆ.

ಸಿ.ವಿ. ರಾಮನ್ ಅವರ ಮನೆತನವನ್ನೇ ತೆಗೆದುಕೊ. ಅವರ ಹೆಸರಿನ ಮುಂದಿರುವ 'ಸಿ' ಅವರ ತಂದೆ ಚಂದ್ರಶೇಖರ ಅಯ್ಯರ್ ಅವರದು. ಆ ಹೆಸರು ಮುಂದೆ ಮೊಮ್ಮಕ್ಕಳಿಗೂ ಬಂತು. ರಾಮನ್ ಅವರ ಅಣ್ಣನ ಮಗ ಎಸ್. ಚಂದ್ರಶೇಖರ್, ಸಹೋದರಿಯ ಮಗನೂ ಎಸ್. ಚಂದ್ರಶೇಖರ್, ಇಬ್ಬರೂ ಭೌತವಿಜ್ಞಾನಿಗಳೇ! ಮೊದಲನೆಯವರು 1930ರಲ್ಲಿ ಹತ್ತೊಂಬತ್ತರ ಹುಡುಗನಾಗಿ ಇಂಗ್ಲೆಂಡಿಗೆ ಹಡಗು ಹತ್ತಿ, ದಾರಿಯಲ್ಲೇ ನಕ್ಷತ್ರಗಳ ಅಂತ್ಯದ ಲೆಕ್ಕ ಹಾಕುತ್ತ ಕುಳಿತವರು; 1983ರಲ್ಲಿ ನೊಬೆಲ್ ಬಂತು. ಎರಡನೆಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ, 1971ರಲ್ಲಿ ನಮ್ಮ ಮೇಖ್ರಿ ವೃತ್ತದ ಬಳಿಯ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಕಡ್ಡಿಯಾಕಾರದ ಅಣುಗಳಷ್ಟೇ ಅಲ್ಲ, ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕ (ದ್ರವದಂತೆ ಹರಿದರೂ ಅಣುಗಳು ಒಪ್ಪವಾಗಿ ಜೋಡಿಸಿಕೊಂಡಿರುವ ವಸ್ತು) ಆಗಬಲ್ಲವು ಎಂದು 1977ರಲ್ಲಿ ಸಹೋದ್ಯೋಗಿಗಳ ಜೊತೆ ತೋರಿಸಿಕೊಟ್ಟರು. ಒಬ್ಬರು ಷಿಕಾಗೋದಲ್ಲಿದ್ದುದರಿಂದ ಅಂಚೆಯವನು ಬಚಾವಾದ. ಗ್ರಂಥಪಾಲಕರ ಪಾಡು ದೇವರಿಗೇ ಪ್ರೀತಿ.

ನಿಮ್ಮಪ್ಪನಿಗೆ ಮಾತ್ರ ಚಂದ್ರ ಎಂದರೆ ಒಬ್ಬರೇ, ಕ್ರಿಕೆಟಿಗ ಬಿ.ಎಸ್. ಚಂದ್ರಶೇಖರ್. ರೇಡಿಯೊಗೆ ಕಿವಿ ಹಚ್ಚಿ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಪೋಲಿಯೊ ತಗುಲಿ ಸೊರಗಿದ ಬಲಗೈ. ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿಕೊಂಡೇ ಬೌಲಿಂಗ್. ಬೌಂಡರಿಯಿಂದ ಚೆಂಡು ಎಸೆಯುವುದು ಎಡಗೈಯಲ್ಲಿ, ವಿಕೆಟ್ ಉರುಳಿಸುವುದು ಆ ಬಡಕಲು ಬಲಗೈಯಲ್ಲಿ. 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತಾಗ ಇಂಗ್ಲೆಂಡ್ 101ಕ್ಕೆ ಮುದುರಿಕೊಂಡಿತು. ಆ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. 58 ಟೆಸ್ಟ್‌ಗಳಲ್ಲಿ 242 ವಿಕೆಟ್, ಗಳಿಸಿದ ರನ್ ಮಾತ್ರ 167. ಬ್ಯಾಟು ಹಿಡಿದು ಅವರು ಬರುವಾಗ ನಿಮ್ಮಪ್ಪ ರೇಡಿಯೊ ಆರಿಸಿ ಕಾಫಿ ಕೇಳುತ್ತಿದ್ದರಂತಲ್ಲ, ನ್ಯಾಯವೇ.

ಸಿನಿಮಾ, ನಾಟಕದವರ ಕತೆ ಇನ್ನೂ ಸೊಗಸು. ಅಲ್ಲಿ ಪಾತ್ರಗಳೇ ಚಂದ್ರಶೇಖರರನ್ನು ಬೇರೆ ಬೇರೆ ಮಾಡಿ ಕೂರಿಸಿವೆ. 1973ರ ಪುಟ್ಟಣ್ಣ ಕಣಗಾಲರ 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದಿಂದಾಗಿ ಒಬ್ಬರು ಕೊನೆಯವರೆಗೂ ಎಡಕಲ್ಲು ಗುಡ್ಡದ ಚಂದ್ರಶೇಖರ್. ರಂಗದ ಮೇಲೆ ಮುಖ್ಯಮಂತ್ರಿಯಾದ ಇನ್ನೊಬ್ಬರು ಇಂದಿಗೂ ಮುಖ್ಯಮಂತ್ರಿ ಚಂದ್ರು. ನಿಜವಾದ ಮುಖ್ಯಮಂತ್ರಿಗಳು ಎಷ್ಟೋ ಮಂದಿ ಬಂದು ಹೋದರು, ಇವರ ಕುರ್ಚಿಯನ್ನು ಯಾರೂ ಕದಲಿಸಲಿಲ್ಲ! ಕಂಬಾರರಿಗಂತೂ ಮನೆತನದ ಹೆಸರೇ ಸಾಕಾಯಿತು. ಜ್ಞಾನಪೀಠ ಬಂದಾಗ ಯಾವ ಚಂದ್ರಶೇಖರ ಎಂದು ಯಾರೂ ಕೇಳಲಿಲ್ಲ.

ನೀನು ಕಳುಹಿಸಿದ ಪಟ್ಟಿಯನ್ನೂ ಓದಿದೆ. ಎರಡಕ್ಷರದ ಆ ಹೆಸರುಗಳಲ್ಲಿ ಮೂರನ್ನು ಹೇಗೆ ಉಚ್ಚರಿಸಬೇಕೆಂದೇ ತಿಳಿಯಲಿಲ್ಲ. ಅಪರೂಪದ ಹೆಸರು ಎಂದು ಎಲ್ಲರೂ ಅದನ್ನೇ ಇಟ್ಟರೆ ಶಾಲೆಯಲ್ಲಿ ಹಾಜರಿ ಕರೆಯುವಾಗ ನಾಲ್ವರು ಎದ್ದು ನಿಲ್ಲುವುದು ಅಲ್ಲೂ ತಪ್ಪದು. ಮುದ್ದಿನ ಹೆಸರನ್ನು ನಿನ್ನ ಹೆಂಡತಿಯೇ ಆರಿಸಲಿ, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ತೊಟ್ಟಿಲಿಗೆ ಹಾಕುವ ದಿನ ನಿಶ್ಚಯವಾದ ಕೂಡಲೇ ಫೋನ್ ಮಾಡು. ಗಾಂಧಿಬಜಾರಿನಿಂದ ಹೂವು ತರುವ ಕೆಲಸ ನನ್ನದು.

ನಿನ್ನ ಗೆಳೆಯ